ಅತ್ತೆಯ ಕೈಯಿಂದ ಕಸದ ಬುಟ್ಟಿ ಕಿತ್ತುಕೊಳ್ಳೋದಿಲ್ಲ

ಇವತ್ತು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಫೋಟೊ ಹಾಕಿದ್ದಾರೆ. ನಮ್ಮ ಮನೆಯ ಹಸಿರು ಬುಟ್ಟಿ, ಹಸಿ ಕಸದ್ದು. ಅನ್ನ, ಹುರುಳಿಕಾಯಿ ನಾರಿನ ಮಧ್ಯೆ ಒಂದು ಹಾಲಿನ ಕವರ್, ಒಂದು ಮಾತ್ರೆ ಸ್ಟ್ರಿಪ್. ಮನೆ ನಂಬರ್ ಸಮೇತ ಕೆಳಗೆ, "ಓದಿದವರೇ ಹೀಗೆ ಮಾಡಿದರೆ ಹೇಗೆ?" ಅದಕ್ಕೆ ಸಾಲು ಸಾಲು ಹೆಬ್ಬೆಟ್ಟು.

ಆ ಕವರು, ಸ್ಟ್ರಿಪ್ಪು ಬುಟ್ಟಿಗೆ ಹಾಕಿದ್ದು ನಮ್ಮತ್ತೆ. ನಾನು ಬುಟ್ಟಿ ನೋಡುವ ಮುಂಚೆ ಅವರೇ ಬಾಗಿಲ ಹೊರಗೆ ಇಟ್ಟುಬಿಟ್ಟಿದ್ದರು. ಅವರಿಗೆ 80 ದಾಟಿದೆ, ಮರೆವಿನ ಕಾಯಿಲೆ ಇದೆ, ಇದು ಆ ಗುಂಪಿನ ಮುಕ್ಕಾಲು ಜನಕ್ಕೆ ಗೊತ್ತು. ಗೊತ್ತಿದ್ದೂ ಫೋಟೊ ತೆಗೆದರಲ್ಲ, ಅದಕ್ಕೇ ನನಗೆ ಸಿಟ್ಟು.

ಕಸ ಬೇರೆ ಮಾಡೋದನ್ನು ನಮ್ಮತ್ತೆಗೆ ಯಾರೂ ಕಲಿಸಬೇಕಾಗಿಲ್ಲ. ತೀರ್ಥಹಳ್ಳಿ ಕಡೆಯ ಅವರ ಮನೆಗೆ ಬಂದವರು ನೋಡಿದ್ದೀರಿ. ಅಕ್ಕಿ ತೊಳೆದ ನೀರು, ಉಳಿದ ಅನ್ನ ದನಗಳ ಅಕ್ಕಚ್ಚಿನ ಬಾನಿಗೆ. ಬಾಳೆಎಲೆ, ಸಿಪ್ಪೆ ಗೊಬ್ಬರಗುಂಡಿಗೆ. ಕಾಗದ, ರಟ್ಟು, ತೆಂಗಿನ ಚಿಪ್ಪು ಬಚ್ಚಲ ಒಲೆಗೆ. ಐವತ್ತು ವರ್ಷ ಅವರ ಕೈ ಇದನ್ನೇ ಮಾಡಿದೆ. ಬೆಂಗಳೂರಿಗೆ ಬಂದ ಮೇಲೆ ಹಸಿರು ಯಾವುದಕ್ಕೆ, ಕೆಂಪು ಯಾವುದಕ್ಕೆ ಅಂತ ಚೀಟಿ ಅಂಟಿಸಿದೆ. ಗಟ್ಟಿಯಾಗಿ ಓದುತ್ತಾರೆ, ಬುಟ್ಟಿ ಹತ್ತಿರ ಹೋಗುವಷ್ಟರಲ್ಲಿ ಮರೆತಿರುತ್ತದೆ. ಈ ಕಾಯಿಲೆಯಲ್ಲಿ ಹೊಸದು ಮೊದಲು ಹೋಗುತ್ತದೆ, ಕೈಗೆ ಹತ್ತಿದ ಹಳೆಯದು ಬಹಳ ಕಾಲ ಉಳಿಯುತ್ತದೆ.

ಹಾಗಾಗಿ ಚೀಟಿ ಕಿತ್ತು ಹಾಕಿದೆ. ಹಸಿರು ಬುಟ್ಟಿ ಸಿಂಕಿನ ಪಕ್ಕ ಬಂತು, ಒಣ ಕಸದ ಚೀಲ ಬಚ್ಚಲು ಬಾಗಿಲ ಹತ್ತಿರ ಹೋಯಿತು. ಈಗ ಅವರು ಏನನ್ನಾದರೂ ಹಿಡಿದು ನಿಂತು "ಇದು ಗುಂಡಿಗಾ, ಬಚ್ಚಲಿಗಾ ಮಾರಾಯ್ತಿ?" ಅಂತ ಕೇಳುತ್ತಾರೆ. ಹೆಚ್ಚಿನ ಸಲ ಉತ್ತರವೂ ಅವರದ್ದೇ, ಅದೂ ಸರಿಯಾದ ಉತ್ತರ. ತೆಂಗಿನ ಚಿಪ್ಪು ಮಾತ್ರ ಈಗಲೂ ಬಚ್ಚಲ ಕಡೆಗೇ ಹೋಗುತ್ತದೆ. ಹೋಗಲಿ, ನಾನು ಎತ್ತಿ ಬೇರೆ ಇಡುತ್ತೇನೆ.

ಹಾಲಿನ ಕವರನ್ನು ಅವರು ಕತ್ತರಿಸೋದು ನೋಡಬೇಕು. ಮೂಲೆಯನ್ನು ಪೂರ್ತಿ ಕತ್ತರಿಸುವುದಿಲ್ಲ, ಆ ಚೂರು ಕವರಿಗೇ ಅಂಟಿಕೊಂಡಿರುತ್ತದೆ. ಬೇರೆಯಾದರೆ ಅಷ್ಟು ಚಿಕ್ಕದನ್ನು ಆಯುವವರು ಯಾರು? ಆಮೇಲೆ ಒಳಗೆ ನೀರು ತುಂಬಿ ಕುಲುಕಿ, ಆ ನೀರನ್ನು ಕರಿಬೇವಿನ ಕುಂಡಕ್ಕೆ ಹಾಕಿ, ಕವರನ್ನು ತಂತಿಗೆ ಕ್ಲಿಪ್ ಹಾಕಿ ಒಣಗಿಸುತ್ತಾರೆ. ಅಪರೂಪಕ್ಕೆ ಒಂದು ದಿನ ಅದು ಅನ್ನದ ಜೊತೆ ಬಿದ್ದರೆ ಫೋಟೊ!

ಪೌರಕಾರ್ಮಿಕರ ಕೈ ನೆನೆಸಿಕೊಳ್ಳಿ ಅಂತ ಒಬ್ಬರು ಬರೆದಿದ್ದಾರೆ. ನೆನೆಸಿಕೊಳ್ಳುತ್ತೇನೆ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರವನ್ನು 2012ರಲ್ಲಿ ಮುಚ್ಚಿದಾಗ ಬೀದಿ ಬೀದಿಯಲ್ಲಿ ನಾರುತ್ತಿದ್ದ ರಾಶಿ ನೆನಪಿದೆ. ನಮ್ಮ ಕಸ ಇನ್ನು ಬೇಡ ಅಂತ 2014ರಲ್ಲಿ ಮಂಡೂರಿನವರು ರಸ್ತೆಗಿಳಿದದ್ದೂ ನೆನಪಿದೆ. ಹಸಿ ಕಸಕ್ಕೆ, ಪ್ಯಾಡಿನಂಥದ್ದಕ್ಕೆ ಎರಡು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ ಅಂತ 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಹೇಳಿದ್ದು ನಮ್ಮ ಒಳ್ಳೆಯದಕ್ಕೇ. ಅದಕ್ಕೇ ದಿನಾ ಕೈಗವಸು ಹಾಕಿ ಅತ್ತೆಯ ಬುಟ್ಟಿಯನ್ನು ಒಂದು ಸಲ ನೋಡಿಯೇ ಕೆಳಗೆ ಕೊಡೋದು. ಅದು ಮನೆಯವರ ಕೆಲಸ. ನೋಡುವುದರಿಂದ ಇನ್ನೊಂದು ಉಪಯೋಗವೂ ಇದೆ. ಸ್ಟ್ರಿಪ್ಪಿನಲ್ಲಿ ಮಾತ್ರೆ ಹಾಗೇ ಉಳಿದಿದ್ದರೆ, ಅವರು ನುಂಗಿಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ. ಯಾರ ಕೈಗೂ ಹೊಲಸು ತಾಗಬಾರದು ಅನ್ನೋದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಮುದುಕಿಯ ಮಾನ ಕಳೆಯಬೇಕಾಗಿಲ್ಲ.

"ಅವರ ಕೈಗೆ ಯಾಕೆ ಕೊಡ್ತೀರಿ, ಸುಮ್ಮನೆ ಕೂತಿರಲಿ" ಅನ್ನೋದು ಇನ್ನೊಂದು ಸಲಹೆ. ನಮ್ಮನೆಯವರೂ ಇದನ್ನೇ ಅಂದರು, ಅವರಿಗೂ ಬೈದೆ. ಗ್ಯಾಸ್ ಹಚ್ಚಬೇಡಿ ಅಂದೆವು. ಒಬ್ಬರೇ ದೇವಸ್ಥಾನಕ್ಕೆ ಹೋಗಬೇಡಿ ಅಂದೆವು. ಬೀರುವಿನ ಬೀಗದಕೈ ತೆಗೆದಿಟ್ಟೆವು. ಎಲ್ಲಕ್ಕೂ ಕಾರಣ ಇತ್ತು, ಆದರೂ ಒಂದೊಂದು ಸಲವೂ ಅವರ ಮುಖ ನೋಡಲಾಗದೆ ನಾನು ಒಳಗೆ ಹೋಗಿ ಅತ್ತಿದ್ದೇನೆ. ಈ ಮನೆ ನಡೆಸಿದ ಹೆಂಗಸಿಗೆ ಇವತ್ತು ಉಳಿದಿರುವುದು ಸೊಪ್ಪು ಬಿಡಿಸೋದು, ಬಟ್ಟೆ ಮಡಿಸೋದು, ಈ ಬುಟ್ಟಿ. ಇದನ್ನೂ ಕಿತ್ತುಕೊಂಡು ಟಿವಿ ಮುಂದೆ ಕೂರಿಸಬೇಕಾ? ಆಗೋದಿಲ್ಲ.

ಈ ವಯಸ್ಸಿನಲ್ಲಿ ಅತ್ತೆಗೆ ಬೇಕಾಗುವ, ಕೆಂಪು ಬುಟ್ಟಿಗೆ ಹೋಗುವ ಪ್ಯಾಡುಗಳ ವಿಷಯದಲ್ಲಿ ಮಾತ್ರ ಅವರಿಗೆ ಯೋಚಿಸುವ ಕೆಲಸ ಇಟ್ಟಿಲ್ಲ. ಬಾತ್‌ರೂಮಿನಲ್ಲಿ ಮುಚ್ಚಳದ ಬುಟ್ಟಿ ಅದೊಂದೇ, ಪಕ್ಕದಲ್ಲಿ ಮಡಿಸಿಟ್ಟ ಪೇಪರ್. ಬೇರೆಲ್ಲೂ ಹಾಕಲು ಜಾಗವೇ ಇಲ್ಲದಿದ್ದರೆ ತಪ್ಪಾಗುವುದಿಲ್ಲ, ನಾಚಿಕೆಪಡುವ ಪ್ರಸಂಗವೂ ಬರುವುದಿಲ್ಲ.

ಗುಂಪಿನವರಲ್ಲಿ ಒಂದು ಕೇಳಿಕೆ. ನಮ್ಮ ಕಟ್ಟಡದಲ್ಲಿ ಇಂಥ ಹಿರಿಯರು ಬೇರೆ ಮನೆಗಳಲ್ಲೂ ಇದ್ದಾರೆ. ಕೆಳಗಿನ ದೊಡ್ಡ ಡಬ್ಬಗಳ ಮೇಲೆ ಇರುವುದು ಬರೀ ಇಂಗ್ಲಿಷ್, ಅದೂ ಸಣ್ಣ ಅಕ್ಷರದಲ್ಲಿ. ಕನ್ನಡದಲ್ಲಿ ದೊಡ್ಡದಾಗಿ ಬರೆಸಿ, ಒಂದರ ಮೇಲೆ ಬಾಳೆಹಣ್ಣಿನ ಸಿಪ್ಪೆ, ಇನ್ನೊಂದರ ಮೇಲೆ ಹಾಲಿನ ಕವರಿನ ಚಿತ್ರ ಹಾಕಿಸಿ. ಭಾನುವಾರದ ಮೀಟಿಂಗಿನಲ್ಲಿ ಇದನ್ನು ಕೇಳುತ್ತೇನೆ. ಸಂಘದಲ್ಲಿ ದುಡ್ಡಿಲ್ಲ ಅಂದರೆ ಖರ್ಚು ನನ್ನದು.