ಸುಮ್ನೆ ಕೊಡುವ ದುಡ್ಡಲ್ಲ ಅದು
ಡ್ರಗ್ಸ್ ಬಿಟ್ಟವರಿಗೆ ಐರ್ಲೆಂಡ್ ಸರ್ಕಾರ ಸುಮ್ನೆ ದುಡ್ಡು ಹಂಚುತ್ತಿದೆ ಎಂದು ಬರೆದಿದ್ದೀರಿ. ಹಾಗಲ್ಲ ಸರ್. ಕೆಲಸವಿಲ್ಲದವರಿಗೆ ಊರಿನ ಸಂಘ-ಸಂಸ್ಥೆಗಳಲ್ಲಿ ಅರೆಕಾಲಿಕ ಕೆಲಸ ಕೊಟ್ಟು ದುಡ್ಡು ಕೊಡುವ ಅಲ್ಲಿನ ಕಮ್ಯುನಿಟಿ ಎಂಪ್ಲಾಯ್‌ಮೆಂಟ್ ಯೋಜನೆಯಲ್ಲಿ 1,000 ಜಾಗಗಳನ್ನು ಇಂಥವರಿಗೆಂದೇ ಮೀಸಲಿಟ್ಟಿದ್ದಾರೆ. ವಾರಕ್ಕೆ 19.5 ಗಂಟೆ. ಬರೀ ದುಡಿಮೆ ಅಲ್ಲ, ಕೌನ್ಸೆಲಿಂಗ್, ಓದು, ಕಸುಬು ಕಲಿಯುವುದೂ ಅದರಲ್ಲೇ ಬರುತ್ತದೆ.

ನಾನು ಡಬ್ಲಿನ್‌ನಲ್ಲಿದ್ದಾಗ ನಮ್ಮ ಬೀದಿಯ ಸಮುದಾಯ ಭವನದ ಅಡುಗೆಮನೆಯಲ್ಲಿ ಇಂಥ ಒಬ್ಬರಿದ್ದರು. ಮೊದಮೊದಲು ಟೀ ಕಪ್ ಹಿಡಿದರೆ ಕೈ ನಡುಗುತ್ತಿತ್ತು. ಆರು ತಿಂಗಳಾದ ಮೇಲೆ ಭವನದ ಬೀಗದ ಕೈ ಅವರ ಜೇಬಲ್ಲೇ ಇರುತ್ತಿತ್ತು! ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ, ನಂಬಿ ಬೀಗದ ಕೈ ಕೊಡುವ ಜನ. ಚಟ ಬಿಟ್ಟವರಿಗೆ ಅದೇ ಜಾಸ್ತಿ ಬೇಕಾದದ್ದು ಅಲ್ವಾ?

ನನ್ನ ಚಿಂತೆ ಬೇರೆ. ಯೋಜನೆಯ ಅವಧಿ ಮುಗಿದ ಮೇಲೆ ಇವರಿಗೆ ಹೊರಗೆ ಕೆಲಸ ಕೊಡುವವರು ಯಾರು? ದಯವಿಟ್ಟು ಅದರ ಬಗ್ಗೆ ಬರೆಯಿರಿ.