ಈ ರಜೆಗೆ ಪ್ರೇಮಕಾದಂಬರಿಯನ್ನೇ ಓದುತ್ತೇನೆ

ಮೊದಲೇ ಹೇಳಿಬಿಡುತ್ತೇನೆ. ಮೌಲ್ಯಮಾಪನ ಮುಗಿದ ಮಾರನೆಯ ದಿನವೇ ಸಾಗರದ ಬಸ್ಸು ಹತ್ತುತ್ತೇನೆ. ಬ್ಯಾಗಿನಲ್ಲಿ ಬಟ್ಟೆಗಿಂತ ಪುಸ್ತಕ ಹೆಚ್ಚಿರುತ್ತದೆ, ಮತ್ತು ಅವೆಲ್ಲ ಪ್ರೇಮಕಾದಂಬರಿಗಳು. ಅದರಲ್ಲೂ ಸಣ್ಣ ಊರಿನ ಪ್ರೇಮಕಾದಂಬರಿಗಳು. ಒಂದೇ ಪೇಟೆಬೀದಿ, ಒಂದು ಬಸ್‌ಸ್ಟ್ಯಾಂಡು, ಒಂದು ಟಾಕೀಸು, ಎಲ್ಲರ ಮನೆ ಸುದ್ದಿ ಎಲ್ಲರಿಗೂ ಗೊತ್ತಿರುವ ಊರು, ಆ ಊರಲ್ಲಿ ಇಬ್ಬರು. ಇಷ್ಟಿದ್ದರೆ ನನ್ನ ರಜೆಗೆ ಸಾಕು.

ಇದನ್ನು ಇಷ್ಟು ಗಟ್ಟಿಯಾಗಿ ಬರೆಯುವುದಕ್ಕೆ ಕಾರಣ ಇವತ್ತು ಸ್ಟಾಫ್‌ರೂಮಿನಲ್ಲಿ ನೋಡಿದ್ದು. ಹೊಸದಾಗಿ ಬಂದಿರುವ ಅತಿಥಿ ಉಪನ್ಯಾಸಕಿ ಊಟದ ಹೊತ್ತಿನಲ್ಲಿ ಒಂದು ಕಾದಂಬರಿ ಹಿಡಿದು ಕೂತಿದ್ದಳು. ಹಿರಿಯರೊಬ್ಬರು ಒಳಗೆ ಬಂದದ್ದೇ ತಡ, ಪುಸ್ತಕ ಮಗುಚಿ ಹಾಕಿ ಮೇಲೊಂದು ಪರೀಕ್ಷಾ ಡ್ಯೂಟಿ ಪಟ್ಟಿ ಇಟ್ಟಳು. ಅವರು ಬಿಡಲಿಲ್ಲ. ಎತ್ತಿ ಮುಖಪುಟ ನೋಡಿ, "ಲವ್ ಸ್ಟೋರಿನಾ? ಈ ವಯಸ್ಸಲ್ಲಿ ಏನಾದ್ರೂ ಗಟ್ಟಿಯಾದ್ದು ಓದ್ಬೇಕು ಕಣಮ್ಮ" ಅಂದರು. ಅವಳು ಕೆಂಪಾಗಿ, "ಏನಿಲ್ಲ ಸರ್, ಸುಮ್ನೆ ಟೈಮ್‌ಪಾಸ್‌ಗೆ" ಅಂದಳು.

ಅವರ ಮಾತಿಗಿಂತ ಅವಳ ಮಾತಿಗೆ ನನ್ನ ಹೊಟ್ಟೆ ಉರಿಯಿತು. ಓದುತ್ತಿದ್ದಾಗ ಅವಳ ಮುಖ ನೋಡಿದ್ದೆ ನಾನು. ಪಲ್ಯದ ಡಬ್ಬಿ ಮುಚ್ಚಳ ತೆಗೆದಿಟ್ಟದ್ದೂ ಮರೆತು ಓದುತ್ತಿದ್ದಳು. ಅಷ್ಟು ಮೈಮರೆತು ಓದಿದ್ದನ್ನು ಅರ್ಧ ನಿಮಿಷದಲ್ಲಿ ತಾನೇ ಅಲ್ಲಗಳೆದುಬಿಟ್ಟಳು. ಅದೇ ಹೊತ್ತಿಗೆ ಪಕ್ಕದ ಮೇಜಿನಲ್ಲಿ ಒಬ್ಬರು ಫೋನಿನಲ್ಲಿ ಐಪಿಎಲ್ ಸ್ಕೋರು ನೋಡುತ್ತಿದ್ದರು. ಗಟ್ಟಿಯಾದ್ದೇನಾದರೂ ನೋಡಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಹೆಂಗಸಿನ ಕೈಲಿ ಪ್ರೇಮದ ಕಥೆ ಇದ್ದರೆ ಮಾತ್ರ ಯಾಕೆ ಎಲ್ಲರಿಗೂ ಉಪದೇಶ ನೆನಪಾಗುತ್ತದೆ?

ನಾನು ಕೆಮಿಸ್ಟ್ರಿ ಮೇಷ್ಟ್ರು ಅಂತ ಇಲ್ಲಿರುವವರಿಗೆಲ್ಲ ಗೊತ್ತು. ಸಾಹಿತ್ಯ ವಿಮರ್ಶೆ ನನ್ನ ಕಸುಬಲ್ಲ. ಆದರೆ ಸಣ್ಣ ಊರು ನನಗೆ ಚೆನ್ನಾಗಿ ಗೊತ್ತು, ಅಲ್ಲೇ ಹುಟ್ಟಿ ಬೆಳೆದವಳು. ಅಲ್ಲಿ ಪ್ರೀತಿ ಮಾಡುವುದು ಎಷ್ಟು ಕಷ್ಟದ ಕೆಲಸ ಅನ್ನುವುದೂ ಗೊತ್ತು. ಬೆಂಗಳೂರಿನಲ್ಲಿ ಇಬ್ಬರು ಕಬ್ಬನ್ ಪಾರ್ಕಿನಲ್ಲೋ ಲಾಲ್‌ಬಾಗಿನಲ್ಲೋ ಕೂತರೆ ಕೇಳುವವರಿಲ್ಲ. ನಮ್ಮೂರಿನಲ್ಲಿ ಹುಡುಗಿ ಯಾವ ಅಂಗಡಿ ಮುಂದೆ ಎಷ್ಟು ಹೊತ್ತು ನಿಂತಳು ಎಂಬ ಸುದ್ದಿ ಅವಳಿಗಿಂತ ಮೊದಲು ಮನೆ ಮುಟ್ಟುತ್ತದೆ. ಕಂಡಕ್ಟರಿಗೆ ಅಪ್ಪನ ಹೆಸರು ಗೊತ್ತು. ಪೋಸ್ಟ್‌ಮ್ಯಾನಿಗೆ ಕೈಬರಹ ಗೊತ್ತು. ಟೈಪಿಂಗ್ ಕ್ಲಾಸಿನಿಂದ ಹೊರಡುವ ಹೊತ್ತು ಇಡೀ ಬೀದಿಗೆ ಗೊತ್ತು. ಅಡಿಕೆ ಸುಗ್ಗಿಯಲ್ಲಿ ರಾತ್ರಿ ಹತ್ತಾರು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವಾಗ ಅಡಿಕೆಯ ಜೊತೆ ಇನ್ನೂ ಏನೇನು ಸುಲಿಯುತ್ತಾರೆ ಅನ್ನುವುದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಇಂಥ ಜಾಗದಲ್ಲಿ ಒಂದು ನೋಟಕ್ಕೂ ಬೆಲೆ ತೆರಬೇಕು. ಹಾಗಾಗಿಯೇ ಒಳ್ಳೆಯ ಸಣ್ಣೂರಿನ ಪ್ರೇಮಕಾದಂಬರಿ ಬರೆಯುವವರಿಗೆ ಆ ಊರಿನ ಲೆಕ್ಕವೆಲ್ಲ ಗೊತ್ತಿರಬೇಕು. ಯಾರ ತೋಟ ಯಾರಿಗೆ ಅಡ, ಯಾರ ಮನೆಯ ಮಾತು ಎಲ್ಲಿ ನಡೆಯುತ್ತದೆ, ಯಾವ ಅತ್ತೆ ಯಾವ ಮದುವೆ ಮುರಿದಳು, ಎಲ್ಲವೂ.

ಜಾತ್ರೆಯನ್ನೇ ತೆಗೆದುಕೊಳ್ಳಿ. ನಮ್ಮ ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿರಸಿಯದ್ದು ಎರಡು ವರ್ಷಕ್ಕೊಮ್ಮೆ. ಆ ದಿನಗಳಲ್ಲಿ ಊರಲ್ಲಿ ಹೊರಗಿನ ಜನ ತುಂಬಿ, ಯಾರು ಯಾರ ಜೊತೆ ಹೋದರು ಅಂತ ಲೆಕ್ಕ ಇಡುವುದಕ್ಕೆ ಊರಿಗೇ ಆಗುವುದಿಲ್ಲ. ಉಳಿದ ದಿನ ಕಾಯುವ ಕಣ್ಣುಗಳೆಲ್ಲ ಆಗ ನೆಂಟರ ಉಪಚಾರದಲ್ಲಿರುತ್ತವೆ. ಆದರೆ ಆ ನೆಂಟರೇ ಹೊಸ ಕಣ್ಣುಗಳು ಕೂಡ, ಜಾತ್ರೆಗೆ ಬಂದವರು ಹೆಣ್ಣು ನೋಡಿಕೊಂಡೇ ಹೋಗುವುದು. ಒಂದೇ ಗದ್ದಲದಲ್ಲಿ ಒಂದು ಪ್ರೀತಿ ಚಿಗುರುತ್ತದೆ, ಇನ್ನೊಂದು ಕಡೆ ಅದೇ ಹುಡುಗಿಯ ಜಾತಕ ಕೈ ಬದಲಾಗುತ್ತದೆ. ಇದನ್ನು ನಂಬುವ ಹಾಗೆ ಬರೆಯುವುದು ಸುಲಭ ಅಂದುಕೊಂಡವರು ಒಂದು ಅಧ್ಯಾಯ ಬರೆದು ತೋರಿಸಲಿ.

ಇನ್ನು 'ಗಟ್ಟಿ ಸಾಹಿತ್ಯ'ದ ವಿಷಯ. 1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ'ಯನ್ನು ಪ್ರೀತಿಸದ ಕನ್ನಡಿಗ ಇದ್ದಾನೆಯೇ? ಇವತ್ತು ಉಪದೇಶ ಕೊಟ್ಟ ಸರ್ ಕೂಡ ಕಾಲೇಜು ಸಮಾರಂಭದಲ್ಲಿ ಆ ಕವನಸಂಕಲನದ 'ರಾಯರು ಬಂದರು' ಹಾಡು ಬಂದರೆ ಕಣ್ಣುಮುಚ್ಚಿ ತಲೆದೂಗುತ್ತಾರೆ. ಅದರಲ್ಲಿರುವುದಾದರೂ ಏನು? ಸಣ್ಣ ಊರು, ಮಾವನ ಮನೆ, ಹೆಂಡತಿಯನ್ನು ನೋಡಲು ರಾತ್ರಿ ಬಂದಿಳಿದ ಅಳಿಯ, ಅವನ ಸುತ್ತ ಉಪಚಾರ ಮಾಡುತ್ತ ನಿಂತ ಇಡೀ ಸಂಸಾರ, ಎಲ್ಲರೂ ಕಾಣುತ್ತಾರೆ, ಬೇಕಾದವಳೊಬ್ಬಳು ಕಾಣುವುದಿಲ್ಲ. ಇದೇ ನಾನು ಹೇಳುತ್ತಿರುವ ಕಥೆ. ಗಂಡಸು ಪದ್ಯದಲ್ಲಿ ಬರೆದಾಗ ಅದು ದಾಂಪತ್ಯಗೀತೆ, ಹೆಂಗಸು ಗದ್ಯದಲ್ಲಿ ಬರೆದಾಗ ಅಡುಗೆಮನೆ ಸಾಹಿತ್ಯ. ಈ ಅನ್ಯಾಯ ನನಗೆ ಯಾವತ್ತೂ ಜೀರ್ಣವಾಗಿಲ್ಲ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಇನ್ನೇನು? 1967ರಲ್ಲಿ ಬಂದ ಆ ಮಹಾಕಾದಂಬರಿಯನ್ನು ಎತ್ತಿ ನಡೆಸುವವರು ತಿಮ್ಮಿಗಾಗಿ ಹೊರಟ ಗುತ್ತಿ, ಬೇಡದ ಮದುವೆಯಿಂದ ತಪ್ಪಿಸಿಕೊಂಡು ರಾತ್ರಿ ಕಾಡು ಸೇರುವ ಚಿನ್ನಮ್ಮ, ಅವಳಿಗಾಗಿ ಎಲ್ಲಕ್ಕೂ ಎದೆಗೊಟ್ಟು ನಿಲ್ಲುವ ಮುಕುಂದಯ್ಯ, ಪೀಂಚಲು, ಐತ. ಪ್ರೇಮಿಗಳೇ. 2010ರಲ್ಲಿ ಮೈಸೂರಿನ ರಂಗಾಯಣ ಅದನ್ನು ರಾತ್ರಿಯಿಡೀ ಆಡಿದಾಗ ಜನ ಒಂಬತ್ತು ಗಂಟೆ ಕೂತು ನೋಡಿದರು. ಮಲೆನಾಡಿನ ಪಾಳೇಗಾರಿಕೆ, ಜೀತ, ಮತಾಂತರ ಎಲ್ಲ ಅದರಲ್ಲಿದೆ, ಒಪ್ಪುತ್ತೇನೆ. ಆದರೆ ಅವೆಲ್ಲ ನಮಗೆ ತಟ್ಟುವುದು ಗುತ್ತಿಗೆ ತಿಮ್ಮಿ ಸಿಗುತ್ತಾಳೋ ಇಲ್ಲವೋ ಎಂದು ಜೀವ ಹಿಡಿದು ಕೂತಿರುವುದರಿಂದ. ಕುವೆಂಪು ಅವರಿಗೆ ಪ್ರೇಮಕಥೆಯ ಬಗ್ಗೆ ನಾಚಿಕೆ ಇರಲಿಲ್ಲ. ನಮ್ಮ ಸ್ಟಾಫ್‌ರೂಮಿಗೆ ಯಾಕೆ?

ನಾನು ಇದನ್ನೆಲ್ಲ ಓದಲು ಕಲಿತದ್ದು ಅಮ್ಮನಿಂದ. ಅಮ್ಮನ ಹೆಸರಿನಲ್ಲಿ ಪೇಟೆಯ ಬಾಡಿಗೆ ಲೈಬ್ರರಿಯಲ್ಲಿ ಖಾತೆ ಇತ್ತು, ಪುಸ್ತಕ ತಂದು ಕೊಡುವುದು ನನ್ನ ಕೆಲಸ. ಆ ಪುಸ್ತಕಗಳ ಅಂಚಿನಲ್ಲಿ ಹಿಂದೆ ಓದಿದವರು ಪೆನ್ಸಿಲಿನಲ್ಲಿ ಬರೆದಿರುತ್ತಿದ್ದರು. "ಇವನನ್ನು ನಂಬಬೇಡ." "ಅತ್ತೆ ಸರಿಯಾಗೇ ಹೇಳಿದ್ದಾಳೆ." ಕೆಳಗೆ ಬೇರೆ ಕೈಬರಹದಲ್ಲಿ, "ನಿಮಗೆ ಸೊಸೆ ಬಂದ ಮೇಲೆ ಹೇಳಿ." ಊರಿನ ಹೆಂಗಸರು ಎದುರಾಬದುರು ಕೂತು ಆಡಲಾಗದ ಮಾತುಗಳನ್ನು ಆ ಅಂಚುಗಳಲ್ಲಿ ಆಡಿಕೊಳ್ಳುತ್ತಿದ್ದರು. ಗಂಡನ ಬಗ್ಗೆ, ತವರಿನ ಬಗ್ಗೆ, ಯಾರು ಯಾರಿಗೆ ಮೋಸ ಮಾಡಿದರೆಂಬುದರ ಬಗ್ಗೆ ವಾದವೇ ನಡೆಯುತ್ತಿತ್ತು. ನನ್ನ ಕಣ್ಣಿಗೆ ಅದು ಯಾವ ವಿಚಾರಗೋಷ್ಠಿಗೂ ಕಡಿಮೆ ಇಲ್ಲ.

ಅಮ್ಮ ಆಸ್ಪತ್ರೆಯಲ್ಲಿದ್ದ ಕೊನೆಯ ದಿನಗಳಲ್ಲಿ ಹಿತೈಷಿಗಳು ನನಗೆ ದೊಡ್ಡ ದೊಡ್ಡ ಪುಸ್ತಕ ತಂದುಕೊಟ್ಟರು. ಸಾವಿನ ಬಗ್ಗೆ, ವೈರಾಗ್ಯದ ಬಗ್ಗೆ. ಒಂದು ಪುಟ ತಲೆಗೆ ಹೋಗಲಿಲ್ಲ. ಅಮ್ಮನ ಪೆಟ್ಟಿಗೆಯಿಂದ ಹಳೆಯ ಕಾದಂಬರಿಯೊಂದನ್ನು ತಂದು ಅವಳ ತಲೆದೆಸೆಯಲ್ಲಿ ಕೂತು ಮೆಲ್ಲಗೆ ಓದುತ್ತಿದ್ದೆ. ಅಮ್ಮ ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ, ಆದರೆ ಪಕ್ಕದ ಹಾಸಿಗೆಯ ಗಂಡನನ್ನು ನೋಡಿಕೊಳ್ಳಲು ಬಂದಿದ್ದ ಹೆಂಗಸು ಕುರ್ಚಿ ಹತ್ತಿರ ಎಳೆದುಕೊಂಡಳು. ಅವಳಿಗೆ ಓದು ಬರುತ್ತಿರಲಿಲ್ಲ. ನಾನು ಚಹಾ ಕುಡಿಯಲು ಎದ್ದರೆ, "ಆ ಹುಡುಗ ಕಾಗದ ಬರದ್ನೇನು, ಅಷ್ಟು ಹೇಳಿ ಹೋಗಿ" ಅನ್ನುವಳು. ಅಷ್ಟು ನೋವಿನ ಮಧ್ಯೆ ನಾವಿಬ್ಬರೂ ಒಬ್ಬ ಕಾಲ್ಪನಿಕ ಹುಡುಗನ ಕಾಗದಕ್ಕಾಗಿ ಕಾದೆವು. ಟೈಮ್‌ಪಾಸ್ ಎಂಬ ಮಾತು ನನಗೆ ಯಾಕೆ ಸಹಿಸುವುದಿಲ್ಲ ಅನ್ನುವುದು ಈಗ ಗೊತ್ತಾಯಿತಲ್ಲ.

ಇಲ್ಲಿ ಒಂದಿಬ್ಬರು ಸ್ನೇಹಿತರು ಹೇಳಲಿರುವುದೂ ಗೊತ್ತು. ಈ ಕಾದಂಬರಿಗಳು ಹೆಣ್ಣಿಗೆ ಸಹನೆಯನ್ನೇ ಕಲಿಸಿದವು, ಕೊನೆಗೆ ಮದುವೆಯೇ ಬಹುಮಾನ ಎಂದವು. ಅಂಥವೂ ಇದ್ದವು, ಓದಿದ್ದೇನೆ, ಕೆಲವನ್ನು ಗೋಡೆಗೆ ಎಸೆದೂ ಇದ್ದೇನೆ. ಆದರೆ ತ್ರಿವೇಣಿಯವರ 'ಬೆಳ್ಳಿಮೋಡ' ಓದಿ ಈ ಮಾತು ಹೇಳಿ. ಕಾಫಿ ತೋಟದ ಒಬ್ಬಳೇ ಮಗಳು ಇಂದಿರೆಗೆ ಗಂಡು ಗೊತ್ತಾಗಿದೆ. ಮನೆಯಲ್ಲಿ ಗಂಡುಮಗು ಹುಟ್ಟುತ್ತದೆ, ಆಸ್ತಿಯ ಲೆಕ್ಕ ತಪ್ಪುತ್ತದೆ, ಮೋಹನನ ಪ್ರೀತಿ ಹಿಂದೆ ಸರಿಯುತ್ತದೆ. ಮುಂದೆ ಅವನು ಪೆಟ್ಟಾಗಿ ಮಲಗಿದಾಗ ಅವಳೇ ಆರೈಕೆ ಮಾಡುತ್ತಾಳೆ. ಮನಸ್ಸು ತಿರುಗಿ ಅವನು ಮದುವೆಗೆ ಕೇಳಿದರೆ ಆಗ ಬೇಡ ಅನ್ನುತ್ತಾಳೆ. ಪ್ರೀತಿಯ ಬೇರಿನಲ್ಲಿ ಎಸ್ಟೇಟಿನ ಪತ್ರ ಸಿಕ್ಕಿಕೊಂಡಿರುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಹೆಂಗಸು 35 ತುಂಬುವ ಮೊದಲೇ, 1963ರಲ್ಲಿ, ಹೆರಿಗೆಯ ಬೆನ್ನಲ್ಲೇ ತೀರಿಕೊಂಡರು. ಅವರು ಬದುಕಿದ್ದರೆ ಎಂದು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದೂ ಅದೇ 1963ರಲ್ಲಿ. ಶಾಲೆಗೆ ಹೋದದ್ದು ಕೆಲವೇ ವರ್ಷ, ಕಾದಂಬರಿ ಬರೆಯಲು ಕೂತದ್ದು 45ರ ಸುಮಾರಿಗೆ, ಸಂಸಾರವೆಲ್ಲ ಮಾಡಿ. ಇಂಥವರ ಬರವಣಿಗೆಯನ್ನು ಬಿಡುವಿನ ಓದು ಎಂದು ಕರೆದು ಬದಿಗಿಡುವವರ ಬಳಿ ವಾದ ಮಾಡಲು ನನಗೆ ತಾಳ್ಮೆ ಇಲ್ಲ.

ಒಂದು ದೂರು ಮಾತ್ರ ನಿಜ. ನಾವು ಓದಿಕೊಂಡು ಬಂದ ಈ ಊರುಗಳಲ್ಲಿ ಬಹುಪಾಲು ಒಂದೇ ಥರದ ಮನೆಗಳು, ಒಂದೇ ಥರದ ಅಡುಗೆ, ಒಂದೇ ಜಾತಿಯ ಜಗಲಿ. ಊರಿನ ಇನ್ನೊಂದು ತುದಿಯ ಹುಡುಗ ಹುಡುಗಿಯರು ಕಥೆಯೊಳಗೆ ಹಾಲು ಕೊಟ್ಟು, ಸೌದೆ ಹಾಕಿ ಹೋಗುತ್ತಾರೆ, ಅವರ ಪ್ರೀತಿಯ ಸುದ್ದಿಯೇ ಇಲ್ಲ. ಇದಕ್ಕೆ ಪರಿಹಾರ ಪ್ರೇಮಕಾದಂಬರಿ ಬಿಡುವುದಲ್ಲ, ಇನ್ನಷ್ಟು ಊರುಗಳಿಂದ ಬರೆಸುವುದು. ಇಳಕಲ್ಲಿನ ಮಗ್ಗದ ಮನೆಯ ಹುಡುಗಿಯ ಕಥೆ ನನಗೆ ಬೇಕು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕಣ್ಣುರಿಯುತ್ತ ತೊಟ್ಟು ಬಿಡಿಸುವವಳ ಕಥೆ ಬೇಕು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಗುಮಾಸ್ತನ ಕಥೆ, ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಾಕುವವಳ ಕಥೆ ಬೇಕು.

2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ರೈತ ಹುಡುಗರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು, ನೆನಪಿದೆಯಾ? ಆ ಸುದ್ದಿ ನೋಡಿ ನಕ್ಕವರೇ ಹೆಚ್ಚು. ನನಗೆ ನಗು ಬರಲಿಲ್ಲ. ನಮ್ಮ ಕಡೆಯ ತೋಟದ ಮನೆಗಳಲ್ಲೂ ಅದೇ ಪಾಡು, ನನ್ನ ತಮ್ಮನ ಓರಗೆಯವರು ಎಷ್ಟೋ ಜನ ಒಂಟಿಯಾಗಿದ್ದಾರೆ. ಹುಡುಗಿಯರು ಓದಿ ಊರು ಬಿಟ್ಟರು, ಬಿಡುವುದಕ್ಕೆ ಅವರಿಗೆ ಒಳ್ಳೆಯ ಕಾರಣಗಳೇ ಇದ್ದವು, ನಾನೂ ಬಿಟ್ಟವಳು. ಅತ್ತ ಎರಡು ಎಕರೆ ಹಿಡಿದು ಕೂತವನ ಎದೆಯಲ್ಲಿ, ಇತ್ತ ಪಿಜಿಯ ಕೋಣೆಯಲ್ಲಿ ಕೂತವಳ ಎದೆಯಲ್ಲಿ ಏನಿದೆ ಎಂದು ಕೇಳುವ ಕಾದಂಬರಿಗಿಂತ ಗಟ್ಟಿಯಾದದ್ದು ಇವತ್ತಿನ ಕರ್ನಾಟಕದಲ್ಲಿ ಯಾವುದಿದೆ ಎಂದು ಆ ಸರ್ ಅವರೇ ಹೇಳಲಿ.

ಸರಿ, ರಜೆಯ ಯೋಜನೆ. ಬೆಳಗಿನ ಕಾಫಿ ಆದ ಮೇಲೆ, ಬಿಸಿಲು ಜಗಲಿಗೆ ಬರುವ ತನಕ 'ತುಂಗಭದ್ರ'ವನ್ನು ಮತ್ತೊಮ್ಮೆ, ಅವಸರವಿಲ್ಲದೆ. ಮಧ್ಯಾಹ್ನ ಊಟದ ನಂತರ ಅಮ್ಮನ ಪೆಟ್ಟಿಗೆಯ ಹಳೆಯ ಮಾಸಿಕ ಕಾದಂಬರಿಗಳು, ಅವುಗಳಲ್ಲಿ ಎಷ್ಟಕ್ಕೆ ಗೆದ್ದಲು ಹತ್ತಿದೆಯೋ ನೋಡಬೇಕು. ನಮ್ಮ ಸಾಗರದವರೇ ಆದ ನಾ. ಡಿಸೋಜ ಅವರ 'ದ್ವೀಪ'ವನ್ನೂ ಇಟ್ಟುಕೊಂಡಿದ್ದೇನೆ. ಅದನ್ನು ಯಾರೂ ಪ್ರೇಮಕಾದಂಬರಿ ಅನ್ನುವುದಿಲ್ಲ. ಶರಾವತಿ ನೀರು ಏರುತ್ತಿರುವಾಗ ಮನೆಯಲ್ಲೇ ಉಳಿದ ಗಂಡ ಹೆಂಡತಿಯ ಕಥೆಯನ್ನು ನಾನು ಹಾಗೆಯೇ ಓದುತ್ತೇನೆ. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿ ಚದುರಿಹೋದ ಮನೆಗಳಲ್ಲಿ ಮಾತುಕತೆ ಮುಗಿದಿದ್ದ ಎಷ್ಟು ಮದುವೆಗಳು ನಿಂತವೋ, ಎಷ್ಟು ಜನ ವಿಳಾಸವಿಲ್ಲದೆ ಒಬ್ಬರನ್ನೊಬ್ಬರು ಕಳೆದುಕೊಂಡರೋ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ಯಾರಾದರೂ ಬರೆಯಿರಿ, ದಯವಿಟ್ಟು.

ಸಂಜೆಗೆ ಹೊಸಬರು ಬೇಕು. ಕಲಬುರಗಿ, ರಾಯಚೂರು, ಬೀದರ್, ಚಾಮರಾಜನಗರ ಕಡೆಯ ಸಣ್ಣ ಊರುಗಳಲ್ಲಿ ನಡೆಯುವ, ಈ ಹತ್ತು ವರ್ಷದೊಳಗೆ ಬಂದ ಪ್ರೇಮಕಾದಂಬರಿಗಳು ನಿಮಗೆ ಗೊತ್ತಿದ್ದರೆ ಕೆಳಗೆ ಹೆಸರು ಬರೆಯಿರಿ, ಊರಿನ ಹೆಸರು ಸಮೇತ. ಕೊಂಡು ತರುತ್ತೇನೆ. ಹೋಗುವ ಮುಂಚೆ ಆ ಹುಡುಗಿಗೂ ಎರಡು ಪುಸ್ತಕ ಕೊಡುತ್ತೇನೆ, ಸ್ಟಾಫ್‌ರೂಮಿನಲ್ಲೇ, ಎಲ್ಲರೂ ಕೂತಿರುವಾಗ, ಮುಖಪುಟ ಮೇಲೆ ಮಾಡಿ.