ಉಳಿದ ದುಡ್ಡಿಗೆ ಬರುವ ಎಸ್‌ಎಂಪಿಎಸ್

ಕಡಿಮೆ ಖರ್ಚಿನಲ್ಲಿ ಕಂಪ್ಯೂಟರ್ ಜೋಡಿಸಲು ಹೊರಟವರ ಪಟ್ಟಿಯನ್ನು ನೋಡಿದರೆ ಅವರ ಮನಸ್ಸು ಎಲ್ಲಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಪಟ್ಟಿಯ ನೆತ್ತಿಯ ಮೇಲೆ, ಆಟದ ಚಿತ್ರಗಳನ್ನು ಪರದೆಗೆ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಕುಳಿತಿರುತ್ತದೆ. ಅದರ ಪೂರ್ಣ ಹೆಸರು, ಮೆಮೊರಿಯ ಗಾತ್ರ, ಫ್ಯಾನುಗಳ ಸಂಖ್ಯೆ, ಕೆಲವೊಮ್ಮೆ ಮೈಮೇಲಿನ ದೀಪದ ಬಣ್ಣವೂ ದಾಖಲಾಗಿರುತ್ತದೆ. ಕೊನೆಯಲ್ಲಿ, ಮೌಸ್ ಮತ್ತು ಕೀಬೋರ್ಡಿನ ಆಸುಪಾಸಿನಲ್ಲಿ, ‘ಎಸ್‌ಎಂಪಿಎಸ್, 450 ವಾಟ್’ ಎಂದಷ್ಟೇ ಬರೆದಿರುತ್ತದೆ. ಅದನ್ನು ಯಾರು ತಯಾರಿಸಿದ್ದು, ಯಾವ ಮಾದರಿ ಎಂಬ ವಿವರವಿಲ್ಲ. ಉಳಿದದ್ದೆಲ್ಲ ಕೊಂಡ ಮೇಲೆ ಕೈಯಲ್ಲಿ ಮಿಕ್ಕ ದುಡ್ಡಿಗೆ ಏನು ಸಿಗುತ್ತದೋ ಅದೇ ಇಡೀ ಯಂತ್ರಕ್ಕೆ ವಿದ್ಯುತ್ತು ಒದಗಿಸಬೇಕು.

ಈ ಪಕ್ಷಪಾತಕ್ಕೆ ಕಾರಣವಿಲ್ಲದೆ ಇಲ್ಲ. ಕಾರ್ಡಿನ ಕೆಲಸ ಕಣ್ಣಿಗೆ ಕಾಣುತ್ತದೆ. ಎಸ್‌ಎಂಪಿಎಸ್ ಚೆನ್ನಾಗಿ ಕೆಲಸ ಮಾಡಿದರೆ ಕಾಣುವುದು ಏನೂ ಇಲ್ಲ. ಏನೂ ಆಗದಿರಲಿ ಎಂಬುದಕ್ಕೆ ದುಡ್ಡು ಕೊಡಲು ಯಾರ ಕೈಯೂ ಸುಲಭವಾಗಿ ಮುಂದೆ ಬರುವುದಿಲ್ಲ.

ಕಾರ್ಡನ್ನಾದರೂ ನಾವು ನಿಜಕ್ಕೂ ಓದಿ ಆರಿಸುತ್ತೇವೆಯೇ ಎಂದರೆ, ಬಹುಮಟ್ಟಿಗೆ ಹೆಸರನ್ನು ಓದಿ ಆರಿಸುತ್ತೇವೆ. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3050 ಎಂಬ ಒಂದೇ ಹೆಸರಿನಡಿ 8 ಜಿಬಿ ಮೆಮೊರಿಯ, 130 ವಾಟ್ ಬೇಡುವ ಕಾರ್ಡೂ ಇದೆ. 2024ರಲ್ಲಿ ಬಂದ, 6 ಜಿಬಿ ಮೆಮೊರಿಯ, 70 ವಾಟಿಗೆ ತೃಪ್ತವಾಗುವ ಕಾರ್ಡೂ ಇದೆ. ಎರಡನೆಯದು ಮೊದಲನೆಯದಕ್ಕಿಂತ ನಿಧಾನ. ಎಎಂಡಿ ಕಂಪನಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡು ಇನ್ನೊಂದು ಬಗೆಯ ಜಾಣತನ ತೋರಿಸುತ್ತದೆ. ಮದರ್‌ಬೋರ್ಡಿನ ಉದ್ದನೆಯ ಸ್ಲಾಟಿನ ತುಂಬ ಅದು ಕುಳಿತರೂ ಬೋರ್ಡಿನೊಡನೆ ಮಾತನಾಡುವುದು ಸ್ಲಾಟಿನ ಹದಿನಾರು ದಾರಿಗಳಲ್ಲಿ ನಾಲ್ಕರಲ್ಲಿ ಮಾತ್ರ. ಈ ದಾರಿಗಳ ವೇಗದ ಪೀಳಿಗೆಯಾದ ಪಿಸಿಐ ಎಕ್ಸ್‌ಪ್ರೆಸ್ 4.0 ಇರುವ ಹೊಸ ಬೋರ್ಡಿನಲ್ಲಿ ಈ ಕೊರತೆ ಅಷ್ಟಾಗಿ ಕಾಡುವುದಿಲ್ಲ, 3.0 ಇರುವ ಹಳೆಯ ಬೋರ್ಡಿನಲ್ಲಿ, ಅದರಲ್ಲೂ ಕಾರ್ಡಿನ 4 ಜಿಬಿ ಮೆಮೊರಿ ತುಂಬಿದಾಗ, ಆಟ ಮುಗ್ಗರಿಸತೊಡಗುತ್ತದೆ. ಕಡಿಮೆ ಬೆಲೆಯ ಕಾರ್ಡು ಹೆಚ್ಚಾಗಿ ಹಳೆಯ ಬೋರ್ಡಿಗೇ ಹೋಗಿ ಸೇರುವುದರಿಂದ ಪೆಟ್ಟು ಬೀಳಬಾರದವನಿಗೇ ಬೀಳುತ್ತದೆ.

ಕಾರ್ಡಿನ ಹಸಿವೆಷ್ಟು ಎಂಬುದನ್ನು ಅದರ ಅಂಚು ನೋಡಿಯೇ ಒಂದು ಮಟ್ಟಿಗೆ ಹೇಳಬಹುದು. ಸ್ಲಾಟಿನ ಮೂಲಕ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವಾಟ್. ಅಂಚಿನಲ್ಲಿ ಎಸ್‌ಎಂಪಿಎಸ್‌ನ ವೈರು ಸಿಕ್ಕಿಸುವ ಆರು ಪಿನ್ನಿನ ಸಾಕೆಟ್ ಇದ್ದರೆ ಇನ್ನೊಂದು 75, ಎಂಟು ಪಿನ್ನಿನದಾದರೆ 150 ವಾಟ್ ಅದಕ್ಕೆ ಸೇರುತ್ತದೆ. 2019ರಲ್ಲಿ ಬಂದ ಜಿಟಿಎಕ್ಸ್ 1650ರ ಎಷ್ಟೋ ಮಾದರಿಗಳಿಗೆ ಯಾವ ಸಾಕೆಟ್ಟೂ ಇಲ್ಲ. ಕಚೇರಿಯಿಂದ ನಿವೃತ್ತವಾದ ಕಂಪ್ಯೂಟರಿಗೆ ಮರುಜೀವ ಕೊಡುವವರು ಈ ಕಾರ್ಡನ್ನು ಹುಡುಕಿಕೊಂಡು ಹೋಗುವುದು ಅದಕ್ಕಾಗಿಯೇ. ಸಾಕೆಟ್ ಇರುವ ಕಾರ್ಡನ್ನು ತಂದು, ಎಸ್‌ಎಂಪಿಎಸ್‌ನಲ್ಲಿ ಅದಕ್ಕೆ ತಕ್ಕ ವೈರಿಲ್ಲವೆಂದು, ಹಾರ್ಡ್‌ಡಿಸ್ಕಿಗೆ ಹೋಗುವ ಸಾಟಾ ವೈರಿಗೆ ಅಡಾಪ್ಟರ್ ಸಿಕ್ಕಿಸುವ ಉಪಾಯವೊಂದಿದೆ. ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ಹೊರಬಲ್ಲದ್ದು 54 ವಾಟ್ ಮಾತ್ರ; ಆರು ಪಿನ್ನಿನ ಸಾಕೆಟ್ ಕೇಳಬಹುದಾದದ್ದು 75. ಪ್ಲಾಸ್ಟಿಕ್ ಕರಗಿದ ವಾಸನೆ ಬರಲು ಇಷ್ಟು ವ್ಯತ್ಯಾಸ ಸಾಕು. ಆ ಅಡಾಪ್ಟರನ್ನು ಮಾರುವುದೇ ತಪ್ಪೆಂದು ನನ್ನ ಅಭಿಪ್ರಾಯ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತನ್ನು ದುಡ್ಡಿನ ವಿಷಯದಲ್ಲಿ ಕಟ್ಟುನಿಟ್ಟಾಗಿ ಪಾಲಿಸುವವರೂ ವಾಟಿನ ವಿಷಯದಲ್ಲಿ ಹಾಸಿಗೆಯ ಉದ್ದವನ್ನು ಅಳೆಯುವುದಿಲ್ಲ. ರಟ್ಟಿನ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 450 ಎಂದು ಕಂಡರೆ ನಂಬಿಬಿಡುತ್ತಾರೆ. ನೋಡಬೇಕಾದದ್ದು ಎಸ್‌ಎಂಪಿಎಸ್‌ನ ಪಕ್ಕಕ್ಕೆ ಅಂಟಿಸಿರುವ ಚೀಟಿಯನ್ನು. ಅಲ್ಲಿ 3.3, 5 ಮತ್ತು 12 ವೋಲ್ಟಿಗೆ ಬೇರೆ ಬೇರೆ ಅಂಕಣಗಳಿರುತ್ತವೆ, ಪ್ರತಿಯೊಂದರ ಕೆಳಗೆ ಆಂಪಿಯರ್ ಲೆಕ್ಕವಿರುತ್ತದೆ. ಇಂದಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ತಮ್ಮ ಊಟದ ಬಹುಪಾಲನ್ನು 12 ವೋಲ್ಟಿನಿಂದಲೇ ಪಡೆಯುತ್ತವೆ. ಆ ಅಂಕಣದ ಕೆಳಗೆ 18 ಆಂಪಿಯರ್ ಎಂದಿದ್ದರೆ ಗುಣಿಸಿದಾಗ ಬರುವುದು 216 ವಾಟ್. ಪೆಟ್ಟಿಗೆಯ ಮೇಲಿನ 450ರ ಉಳಿದ ಪಾಲು ಇಂದು ಯಾರಿಗೂ ಹೆಚ್ಚು ಬೇಡದ ಅಂಕಣಗಳಲ್ಲಿ ಹಂಚಿಹೋಗಿರುತ್ತದೆ. ಆರ್‌ಎಕ್ಸ್ 6600 ಬೇಡುವುದು 132 ವಾಟ್. ಮದರ್‌ಬೋರ್ಡಿನ ಎಎಂ4 ಎಂಬ ಸಾಕೆಟ್ಟಿನಲ್ಲಿ ಕೂರುವ, ಎಎಂಡಿಯ 65 ವಾಟಿನ ಪ್ರೊಸೆಸರುಗಳು ಒತ್ತಡ ಬಿದ್ದಾಗ 88 ವಾಟಿನವರೆಗೆ ಎಳೆಯುತ್ತವೆ. ಕೂಡಿದರೆ 220. ಫ್ಯಾನು, ಡಿಸ್ಕುಗಳನ್ನು ಇನ್ನೂ ಸೇರಿಸಿಯೇ ಇಲ್ಲ.

ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ಕಾರ್ಡು ಕೆಲವು ಮಿಲಿಸೆಕೆಂಡುಗಳ ಕಾಲ ತನ್ನ ಮೈಮೇಲೆ ಬರೆದುಕೊಂಡಿರುವುದಕ್ಕಿಂತ ಬಹಳ ಹೆಚ್ಚು ವಿದ್ಯುತ್ತನ್ನು ಎಳೆಯುವುದುಂಟು. ಒಳ್ಳೆಯ ಎಸ್‌ಎಂಪಿಎಸ್ ಅದನ್ನು ನುಂಗಿಕೊಳ್ಳುತ್ತದೆ. ಕೆಟ್ಟದ್ದು ಸೋತು ಯಂತ್ರವನ್ನೇ ಆರಿಸುತ್ತದೆ. ಲೇಖನ ಬರೆಯುವಾಗ, ಸಿನಿಮಾ ನೋಡುವಾಗ ಸರಿಯಾಗಿದ್ದು, ಆಟ ಶುರುವಾದ ಕೂಡಲೇ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಜನರು ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ಬದಲಿಸುತ್ತಾರೆ, ವಿಂಡೋಸ್ ಮತ್ತೆ ಹಾಕುತ್ತಾರೆ, ಆಟ ತಯಾರಿಸಿದವರಿಗೆ ಶಾಪ ಹಾಕುತ್ತಾರೆ. ಮೂಲೆಯಲ್ಲಿ ಕುಳಿತ ಲೋಹದ ಡಬ್ಬಿಯ ಮೇಲೆ ಅನುಮಾನ ಬರುವುದು ಎಲ್ಲಕ್ಕಿಂತ ಕೊನೆಗೆ.

ಎಸ್‌ಎಂಪಿಎಸ್‌ಗಳ ಮೇಲೆ ಕಾಣುವ, 2004ರಲ್ಲಿ ಆರಂಭವಾದ ‘80 ಪ್ಲಸ್’ ಮುದ್ರೆಯನ್ನು ಗುಣಮಟ್ಟದ ಖಾತರಿಯೆಂದು ತಿಳಿಯುವವರು ಬಹಳ. ಅದು ಹೇಳುವುದು ದಕ್ಷತೆಯನ್ನು ಮಾತ್ರ: 80 ಶೇಕಡಾ ದಕ್ಷತೆಯಲ್ಲಿ 300 ವಾಟ್ ಕೊಡಲು ಗೋಡೆಯಿಂದ 375 ವಾಟ್ ಪಡೆಯಬೇಕು, ನಡುವಿನ 75 ಬಿಸಿಯಾಗಿ ಹೋಗುತ್ತದೆ. ಶಾರ್ಟ್ ಆದಾಗ ಅಥವಾ ಹೊರೆ ಮೀರಿದಾಗ ಎಸ್‌ಎಂಪಿಎಸ್ ತನ್ನನ್ನು ತಾನು ಆರಿಸಿಕೊಳ್ಳುತ್ತದೆಯೇ ಎಂಬ ಪ್ರಶ್ನೆಗೆ ಆ ಮುದ್ರೆಯಲ್ಲಿ ಉತ್ತರವಿಲ್ಲ. ಹಿಂಬದಿಯಲ್ಲಿ 115 ಮತ್ತು 230 ವೋಲ್ಟಿನ ನಡುವೆ ಸರಿಸುವ ಪುಟ್ಟ ಕೆಂಪು ಸ್ವಿಚ್ ಕಂಡರೆ ಮಾತ್ರ ಅದು ಹಳೆಯ ವಿನ್ಯಾಸದ್ದೆಂದು ಬಹುಪಾಲು ಧೈರ್ಯವಾಗಿ ಹೇಳಬಹುದು.

ಹೀಗೆಂದು 850 ವಾಟಿನದನ್ನು ತಂದಿಡುವುದೂ ಬೇಡ. ಅದು ಭಯಕ್ಕೆ ಕಟ್ಟುವ ದಂಡ. ಆರ್‌ಟಿಎಕ್ಸ್ 3060ರಂಥ 170 ವಾಟಿನ ಕಾರ್ಡಿಗೂ ತಯಾರಕರೇ ಸೂಚಿಸುವುದು 550 ವಾಟ್. ವಾಟಿನ ಬಹುಪಾಲನ್ನು 12 ವೋಲ್ಟಿನಲ್ಲೇ ಕೊಡುವ, ಐದು ವರ್ಷ ವಾರಂಟಿಯ ಅಂಥದೊಂದು ಎಸ್‌ಎಂಪಿಎಸ್ ಮುಂದಿನ ಕಾರ್ಡಿಗೂ ಆಗಿಬರುತ್ತದೆ. ಅದಕ್ಕೆ ದುಡ್ಡು ಸಾಲದಿದ್ದರೆ ಕಾರ್ಡನ್ನೇ ಒಂದು ಮೆಟ್ಟಿಲು ಇಳಿಸಬಹುದು. ಆಗ ಆಟದ ಸೆಟ್ಟಿಂಗಿನಲ್ಲಿ ನೆರಳುಗಳನ್ನು ‘ಹೈ’ ಬಿಟ್ಟು ‘ಮೀಡಿಯಂ’ನಲ್ಲಿ ಇಡಬೇಕಾದೀತು, ಶತ್ರು ಬೆನ್ನಟ್ಟಿ ಬರುವಾಗ ಅವನ ನೆರಳಿನ ಅಂಚು ಎಷ್ಟು ನಯವಾಗಿದೆಯೆಂದು ನಿಂತು ಪರೀಕ್ಷಿಸುವ ಆಟಗಾರನನ್ನು ನಾನಂತೂ ಕಂಡಿಲ್ಲ.